ನೆಲ ಸಮೇತ

ನನ್ನ ಹೆಸರು ಕೊನ್ಸುಯೆಲೊ.
ಒಕಾರದಲ್ಲಿ ಮುಗಿಯುತ್ತದೆ, ಗಂಡಸಿನ ಹೆಸರಿನ ಹಾಗೆ.
ಹೊರದೇಶದಿಂದ ಕಾಗದ ಬಂದರೆ
ಮೇಲೆ ಶ್ರೀಮಾನ್ ಎಂದೇ ಇರುತ್ತದೆ.
ಇರಲಿ ಬಿಡಿ, ಎಪ್ಪತ್ತೆರಡಾದ ಮೇಲೆ ಅದೆಲ್ಲ ಯಾವ ಲೆಕ್ಕ.

ಗುವಾದಿಕ್ಸ್ ಊರಿನ ಹಿಂದೆ
ಜೇಡಿಗುಡ್ಡದ ಹೊಟ್ಟೆ ಕೊರೆದು ಮಾಡಿದ ಮನೆ ನಮ್ಮದು.
ಇನ್ನೊಂದು ಕೋಣೆ ಬೇಕೆಂದರೆ ಗುದ್ದಲಿ ಹಿಡಿದರಾಯಿತು.
ಗೋಡೆ ಮಣ್ಣು, ಸೂರು ಮಣ್ಣು, ಕಾಲಡಿಯೂ ಮಣ್ಣು.
ಅಮ್ಮ ಸಂಜೆ ನೀರು ಚಿಮುಕಿಸಿ ಗುಡಿಸುತ್ತಿದ್ದಳು,
ಕಸ ಯಾವುದು, ಮನೆ ಯಾವುದು
ಪೊರಕೆಗೇ ಗೊತ್ತಾಗುತ್ತಿರಲಿಲ್ಲವಂತೆ.

ನನಗಿಂತ ಮೊದಲು ಬಾಲ್ತಸಾರ್ ಇದ್ದ.
ಹದಿನಾಲ್ಕು ತಿಂಗಳು ಇದ್ದ.
ಅವನ ಬಗ್ಗೆ ನನಗೆ ಹೇಳಿದ್ದು ಇಷ್ಟೇ:
ಮಾರ್ಚ್ ತಿಂಗಳು, ಜ್ವರ,
ಹೇಸರಗತ್ತೆಯ ಮೇಲೆ ಬಂದ ವೈದ್ಯ,
ತಡ.

ನಾನು ಹುಟ್ಟಿದಾಗ ಅಮ್ಮ ಕೇಳಿದ್ದು ಒಂದೇ ಹೆಸರು.
ಚರ್ಚಿನ ಎಡಗಡೆ, ಮೇಣದ ಹೊಗೆ ಹಿಡಿದ ಗೂಡಿನಲ್ಲಿ
ಮೂಗು ಮುಕ್ಕಾಗಿ ನಿಂತಿದ್ದ ಮರಿಯಾ,
ಅವಳದೇ ಹೆಸರು. ಕೊನ್ಸುಯೆಲೊ. ಸಾಂತ್ವನ.
ಸಾವಾದ ಮನೆಗೆ ಬಂದು ಮಾತಿಲ್ಲದೆ ಕೂತು
ಹೋಗುವಾಗ ಒಲೆ ಹಚ್ಚಿ ಹೋಗುತ್ತಾಳಲ್ಲ ಒಬ್ಬಳು,
ಅವಳು ಮಾಡುವ ಕೆಲಸ.

ಅಪ್ಪ ಎಲೆಉತೇರಿಯೊ ಕೇಳಿಸಿಕೊಂಡದ್ದೇ ಬೇರೆ.
ಕೊನ್ ಸುಯೆಲೊ.
ಕೊನ್ ಎಂದರೆ ಜೊತೆ, ಸುಯೆಲೊ ಎಂದರೆ ನೆಲ.
ನೆಲ ಸಮೇತ!
“ಆಗಲಿ,” ಅಂದನಂತೆ, “ಇಟ್ಟ ಹೆಸರು ಸುಳ್ಳಾಗಬಾರದಲ್ಲ.”

ಅವನಿಗೆ ಟೈಲ್ಸ್ ಕಾರ್ಖಾನೆಯಲ್ಲಿ ಬಣ್ಣ ಕಲಸುವ ಕೆಲಸ.
ಅಂಚು ಒಡೆದದ್ದು, ಬಣ್ಣ ಕದಡಿದ್ದು,
ಹೂವಿಗೆ ಒಂದು ಎಸಳು ಕಡಿಮೆ ಬಿದ್ದದ್ದು,
ಶನಿವಾರಕ್ಕೊಂದು, ಕೆಲವೊಮ್ಮೆ ಎರಡು,
ಅಂಗಿಯೊಳಗೆ ಹೊಟ್ಟೆಗೆ ಆನಿಸಿಕೊಂಡು ತರುತ್ತಿದ್ದ.
ಕೇಳಿ ತಂದನೋ, ಕೇಳದೆ ತಂದನೋ,
ಕೇಳಿದವರಿಲ್ಲ.
ನಾನು ಅಂಬೆಗಾಲಿಡುವಾಗ ಬಾಗಿಲಿಂದ ಒಲೆಯವರೆಗೆ ನೆಲ,
ಓಡುವಾಗ ಮಂಚದವರೆಗೆ.
ನೀಲಿ ನಕ್ಷತ್ರದ ಮಗ್ಗುಲಿಗೆ ಅರ್ಧ ದಾಳಿಂಬೆ,
ಒಂದಕ್ಕೊಂದು ಹೊಂದಿದ್ದೇ ಇಲ್ಲ.
ಅಕ್ಷರ ಕಲಿಯುವ ಮೊದಲೇ
ಮಂಡಿಯಿಂದ ಓದಿಕೊಂಡೆ ನನ್ನ ಹೆಸರನ್ನು.

ಶಾಲೆಯಲ್ಲಿ ಸಿಸ್ಟರ್ ಪಾತ್ರೊಸಿನಿಯೊ ತಿದ್ದಿದರು:
ಸಾಂತ್ವನ ಬಂದದ್ದು ಲ್ಯಾಟಿನ್ನಿನ ಒಂದು ಬೇರಿನಿಂದ,
ನೆಲ ಬಂದದ್ದು ಇನ್ನೊಂದರಿಂದ.
ದೂರದ ನೆಂಟಸ್ತಿಕೆಯೂ ಇಲ್ಲ,
ಕಿವಿಗಷ್ಟೇ ಅಕ್ಕತಂಗಿ.
ಅಳುತ್ತ ಮನೆಗೆ ಬಂದೆ. ಅಪ್ಪ ಗಾರೆ ಕಲಸುತ್ತಿದ್ದ.
ಕರಣೆಯಿಂದ ಕಣ್ಣೆತ್ತಲಿಲ್ಲ:
“ಬೇರೆ ಬೇರೆ ಇದ್ದದ್ದಕ್ಕೇ ತಾನೆ
ನಡುವೆ ಸಿಮೆಂಟು ಹಾಕೋದು?”

ಒಂದು ಕಡೆ ಮಾತ್ರ ಅಮ್ಮ ಹಾಕಗೊಡಲಿಲ್ಲ.
ಒಲೆಯ ಹಿಂದೆ, ಗೋಡೆಯ ಬುಡದಲ್ಲಿ
ಒಂದೇ ಒಂದು ಬಿಲ್ಲೆಯಷ್ಟು ಜಾಗ.
ನೀರು ಚಿಮುಕಿಸಿದ ಒಂದು ಸಂಜೆ
ಬಾಲ್ತಸಾರ್ ಅಲ್ಲಿ ಕಾಲಿಟ್ಟಿದ್ದ.
ಐದು ಬೆರಳೂ ಮೂಡಿದ್ದವಂತೆ.
ಅಪ್ಪ ಸುತ್ತ ಮೂರು ಕಡೆ ಮುಗಿಸಿ ಎದ್ದ.
ಉಳಿದ ಕೊನೆಯ ಬಿಲ್ಲೆ ಗೋಡೆಗೆ ಒರಗಿ ನಿಂತಿತು,
ಅವನು ಹೋಗುವತನಕ, ಅವಳೂ ಹೋಗುವತನಕ.

ಈಗ ಊರಿಗೆಲ್ಲ ನಾನು ಚೆಲೊ.
ಬಾಯಿಗೆ ಸುಲಭ.
ಸಾಂತ್ವನವೂ ಸವೆಯಿತು, ನೆಲವೂ ಸವೆಯಿತು,
ಉಳಿದದ್ದು ಕರೆಯುವ ಸದ್ದು.
ರಜೆಗೆ ಬಂದ ಮೊಮ್ಮಗಳು ನಾಜರೆತ್ ಕೇಳುತ್ತಾಳೆ:
ಇಲ್ಲೊಂದು ಕಿತ್ತುಹೋಗಿದೆಯಲ್ಲ ಅಜ್ಜಿ, ಹಾಕಿಸೋಣವಾ?
ನೋಡೋಣ, ಅನ್ನುತ್ತೇನೆ.

ಹೆಜ್ಜೆ ಯಾವತ್ತೋ ಅಳಿಸಿದೆ. ನಾನು ಕಂಡದ್ದೇ ಇಲ್ಲ.
ಬರಿ ಮಣ್ಣು, ಎರಡು ಅಂಗೈಯಗಲ.
ಆದರೂ ಗುಡಿಸುತ್ತ ಗುಡಿಸುತ್ತ ಅಲ್ಲಿಗೆ ಬಂದಾಗ
ಪೊರಕೆ ತಾನಾಗಿ ಮೇಲೇಳುತ್ತದೆ,
ಮಗು ಮಲಗಿದ ಕೋಣೆಯಲ್ಲಿ
ಲಂಗ ಎತ್ತಿ ಹಿಡಿದು ನಡೆಯುವವರ ಹಾಗೆ.
ಆಚೆಗೆ ಮತ್ತೆ ನೀಲಿ ನಕ್ಷತ್ರ,
ಅರ್ಧ ದಾಳಿಂಬೆ.